ಎಣ್ಣೆತಟ್ಟೆ

ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ.
ಕಾವೆಂಟ್ರಿಯ ಮಕ್ಕಳೆಲ್ಲ ಶಾಲೆ ಸೇರಿದ ಮೇಲೆ
ಹಿಂಬಾಗಿಲಿಂದ ಒಳಗೆ ಬಂದು
ಮಂಡಿಯೂರುತ್ತೇನೆ.
ಪ್ರಾರ್ಥನೆಗಲ್ಲ. ಕಾರುಗಳ ಹೊಟ್ಟೆಯಡಿ
ಒಂದೊಂದು ತಗಡಿನ ತಟ್ಟೆ ಇಟ್ಟಿದೆ,
ವಾರದ ಎಣ್ಣೆ ಹಿಡಿಯಲು.

ಪೆಟ್ರೋಲು ಬಸಿದು ವರ್ಷಗಳಾದವು,
ಬ್ಯಾಟರಿ ಕಿತ್ತು ಕಪಾಟಿನಲ್ಲಿಟ್ಟಿದೆ,
ಆದರೂ ಸೋರುವುದು ಬಿಟ್ಟಿಲ್ಲ ಮುದುಕರು.
(ನನ್ನನ್ನೂ ಸೇರಿಸಿಯೇ ಹೇಳುತ್ತಾಳೆ ಮೇವಿಸ್,
ರಾತ್ರಿ ಮೂರು ಸಲ ಎದ್ದಾಗ.)

ಆಲ್ವಿಸ್‌ನದು ಒಂದು ಟೀ ಚಮಚ, ಜೇನಿನ ಬಣ್ಣ.
ರೈಲಿ ಸಂಕೋಚದವಳು, ಎರಡೇ ಹನಿ.
ಹಸಿರು ಸ್ಟ್ಯಾಂಡರ್ಡ್ ತಿಂಗಳುಗಟ್ಟಲೆ ಬಾಯಿ ಬಿಗಿದಿದ್ದು
ಒಂದು ರಾತ್ರಿ ಎಲ್ಲವನ್ನೂ ಕಾರಿಬಿಡುತ್ತದೆ,
ಕಾರು ಎನ್ನುವ ಹೆಸರಿಗೆ ತಕ್ಕ ಹಾಗೆ.
ಮತ್ತು ಆ ತುದಿಯಲ್ಲಿ ಕಪ್ಪು ಹಂಬರ್,
ಒಬ್ಬ ಮೇಯರನ ಸವಾರಿ:
ಅರ್ಧ ಬಟ್ಟಲು. ತಪ್ಪದೆ. ವಾರ ವಾರ.
ಬಸಿದಷ್ಟನ್ನು ಮೇಲಿಂದ ತುಂಬುವವನೂ ನಾನೇ.

ಶನಿವಾರ ಅಜ್ಜಂದಿರು ಬರುತ್ತಾರೆ,
"ನಮ್ಮ ಮನೇಲೂ ಇಂಥದೇ ಇತ್ತು" ಎನ್ನುತ್ತಾರೆ,
ಸೀಟಿನ ತೊಗಲು ಮೂಸಲು ಕತ್ತು ಚಾಚುತ್ತಾರೆ.
ಬಗ್ಗಿ ನೋಡುವವರು ಯಾರೂ ಇಲ್ಲ.
ಹಿತ್ತಾಳೆ ಫಲಕದಲ್ಲಿ ಮೇಯರನ ಹೆಸರಿದೆ,
ವಿನ್ಯಾಸಕಾರನ ಹೆಸರಿದೆ,
ಹಿಂದಿನ ಸೀಟಿನಲ್ಲಿ ಒಮ್ಮೆ ಕೂತೆದ್ದು ಹೋದ
ಯಾರೋ ರಾಜಕುಮಾರಿಯದೂ.
ನನ್ನದು ಕೆಳಗಿದೆ, ತಟ್ಟೆಯಲ್ಲಿ.

ಹೇಳಿಬಿಡುತ್ತೇನೆ.
ಅರವತ್ತನಾಲ್ಕರ ಮಾರ್ಚ್, ಶುಕ್ರವಾರ, ನಾಲ್ಕೂಕಾಲು.
ನನಗೆ ಹದಿನೇಳು. ಸಂಪು ಕೂರಿಸುವ ಸಾಲಿನಲ್ಲಿ
ಆರು ಹುಡುಗರು, ಆರನೆಯವನು ನಾನು.
ಕಾರ್ಕಿನ ಗ್ಯಾಸ್ಕೆಟ್ ನೆನೆಸಿ, ಅಂಚಿಗೆ ಅಂಚು ಕೂಡಿಸಿ
ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ
ಸ್ವಲ್ಪ ಸ್ವಲ್ಪವೇ ಬಿಗಿಯಬೇಕು,
ಹೊಸ ಕುದುರೆಗೆ ಜೀನು ಬಿಗಿದ ಹಾಗೆ,
ಎಂದು ಫೋರ್‌ಮನ್ ಗಿಬಿನ್ಸ್ ಹೇಳಿಕೊಟ್ಟಿದ್ದ.
ನಾನು ಸುತ್ತಲೂ ಒಂದೇ ಓಟದಲ್ಲಿ ಬಿಗಿದೆ.
ಡಾನ್ಸ್ ಹಾಲಿನ ಗಡಿಯಾರದ ಕೆಳಗೆ
ಐದೂವರೆಗೆ ಬರುತ್ತೇನೆಂದಿದ್ದಳು
ಗ್ಲೆನಿಸ್, ಉಣ್ಣೆದಾರದ ಅಂಗಡಿಯ ಹುಡುಗಿ.
ಬರಲಿಲ್ಲ. ಒಂಬತ್ತರ ತನಕ ನಿಂತೆ.
ಸರಿಯಾಗಿ ಬಿಗಿಯಲು ಬೇಕಿದ್ದದ್ದು ಇನ್ನಾರು ನಿಮಿಷ.

ಇದೇ ಆ ಎಂಜಿನ್ನು ಎಂದು ಆಣೆ ಇಡಲಾರೆ.
ನಂಬರು ಆ ವಾರದ್ದು, ಅಷ್ಟೆ.
ಉಳಿದ ಐವರಲ್ಲಿ ಯಾರದಾದರೂ ಇರಬಹುದು:
ಟೆಡ್ ಪರ್ಕಿಸ್ ತೀರಿಕೊಂಡ. ಒಬ್ಬ ಆಸ್ಟ್ರೇಲಿಯಾದಲ್ಲಿದ್ದಾನಂತೆ.
ವಿಚಾರಿಸೋಣವೆಂದರೆ ಕಾರ್ಖಾನೆಯೇ ಇಲ್ಲ,
ಆ ಜಾಗದಲ್ಲೀಗ ಪಾರ್ಸೆಲ್ಲುಗಳ ಗೋದಾಮು;
ನನ್ನ ಮೊಮ್ಮಗಳಿಗೆ ಅಲ್ಲೇ ರಾತ್ರಿ ಪಾಳಿ.
ಆದರೂ ತನ್ನ ಕೈ ತನಗೆ ಗೊತ್ತಾಗುತ್ತದಲ್ಲ,
ಹಳೆಯ ಕಾಗದದಲ್ಲಿ ತನ್ನದೇ ಅಕ್ಷರ ಕಂಡ ಹಾಗೆ.
ಎಡಗಡೆ, ಹಿಂದಿನ ಮೂಲೆ.
ಅವಸರದವನು ಕೊನೆಗೆ ಮುಟ್ಟುವ ಮೂಲೆ ಅದೇ.

ಹೋದ ತಿಂಗಳು ಇಮೋಜನ್ ಬಂದಳು,
ಹಳೆಯದನ್ನು ಉಳಿಸುವ ವಿದ್ಯೆ ಓದಿದವಳು, ನೀಲಿ ಕೈಗವಸು.
"ವಿಲ್ಫ್, ಇದಕ್ಕೊಂದು ಹೊಸ ಗ್ಯಾಸ್ಕೆಟ್ ಹಾಕೋಣ,
ನೆಲ ಹಾಳಾಗ್ತಿದೆ."
ನಾನು ಬೇಡವೆನ್ನಲು ಬಾಯಿ ತೆರೆದೆ,
ಕಾರಣ ಸಿಗಲಿಲ್ಲ.
ಇಬ್ಬರೂ ಅಂಗಾತ ಮಲಗಿದೆವು.
ದೀಪ ಅವಳದು, ಪಾನಾ ನನ್ನದು.
ಬೆರಳು ನಡುಗಿತು, ಬಿಗಿತ ನಡುಗಲಿಲ್ಲ.
ನಡುವೆ ಅವಳ ಜೇಬಿನಲ್ಲಿ ಫೋನು ಗುಂಯ್ ಎಂದಿತು,
ಎಲ್ಲೋ ಯಾರೋ ನಿಂತಿದ್ದಾರೆ.
"ಹೋಗಮ್ಮ" ಎಂದೆ.
"ಕಾಯಲಿ ಬಿಡಿ," ಎಂದಳು, "ಇನ್ನೊಂದು ಮೂಲೆ ಇದೆ."

ಮೂರು ಸೋಮವಾರವಾಯಿತು.
ಇವತ್ತೂ ತಟ್ಟೆ ಎಳೆದು ನೋಡಿದೆ:
ಒಂದು ಸತ್ತ ಜೇಡ.
ಒರೆಸುವುದೇನೂ ಇರಲಿಲ್ಲ, ಒರೆಸಿದೆ.
ಮತ್ತೆ ಅಲ್ಲಿಗೇ ತಳ್ಳಿದೆ,
ಎಡಗಡೆ ಹಿಂದಿನ ಮೂಲೆಯಡಿಗೆ ಸರಿಯಾಗಿ.
ಏಳಲು ಬಂಪರು ಹಿಡಿದುಕೊಂಡೆ.
ಮುಟ್ಟಬಾರದು ಎಂದು ಬರೆದಿದೆ.